ಹೆಸರು ಕೇಳುವ ಬಾಗಿಲು, ಅಡ್ಡಹೆಸರು ಹೇಳುವ ಬ್ರೌಸರ್

ಮೊನ್ನೆ ಭಾನುವಾರ ಇಂಡಿಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಬಸ್ ನಿಲ್ದಾಣದ ಹತ್ತಿರ ಅವನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್‌ಗಿಂತ ಹೆಚ್ಚಾಗಿ ನಡೆಯುವುದು ಆನ್‌ಲೈನ್ ಅರ್ಜಿ ತುಂಬುವ ಕೆಲಸ. ವಿದ್ಯಾರ್ಥಿವೇತನ, ಪಹಣಿ, ಬೆಳೆ ವಿಮೆ, ನೌಕರಿ ಪರೀಕ್ಷೆ ಎಂದು ದಿನವಿಡೀ ಯಾರದೋ ಹೆಸರಿನಲ್ಲಿ ಯಾವುದೋ ಜಾಲತಾಣದ ಒಳಗೆ ಹೋಗಿ ಬರುತ್ತಿರುತ್ತಾನೆ.

“ಅಣ್ಣಾ, ಈಗ ಎಐ ಬ್ರೌಸರ್ ಅಂತ ಬಂದಾವ. ಹೇಳಿದ್ರ ಸಾಕು, ತಾನ ಸೈಟ್ ಒಳಗ ಹೋಗಿ ಫಾರ್ಮ್ ತುಂಬತದಂತ. ಮಂದಿ ಪಾಸ್‌ವರ್ಡ್ ಅದರಾಗ ಹಾಕಬೌದೇನು?” ಎಂದು ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಹಾಕಿದ: “ಒಳಗ ಹೋಗೋ ಮುಂದ ಅದು ಯಾರಂತ ಹೇಳಿಕೋತದ? ನಾ ಅಂತನೋ, ತಾ ಅಂತನೋ?”

ಹದಿನೆಂಟು ವರ್ಷಗಳಿಂದ ಪುಣೆಯಲ್ಲಿ ಜಾಲತಾಣಗಳನ್ನು ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡು. ಮೊದಲ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಎರಡನೆಯದಕ್ಕೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಅದೇ ಪ್ರಶ್ನೆ ಈಗ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದೆ. 2025ರ ನವೆಂಬರ್ 4ರಂದು ಅಮೆಜಾನ್ ಕಂಪನಿಯು ಪರ್‌ಪ್ಲೆಕ್ಸಿಟಿ ಎಂಬ ಎಐ ಕಂಪನಿಯ ವಿರುದ್ಧ ಮೊಕದ್ದಮೆ ಹೂಡಿತು. ಪರ್‌ಪ್ಲೆಕ್ಸಿಟಿಯ ‘ಕಾಮೆಟ್’ ಬ್ರೌಸರ್‌ನಲ್ಲಿರುವ ಎಐ ಸಹಾಯಕ ಗ್ರಾಹಕರ ಖಾತೆಯೊಳಗೆ ಹೋಗಿ ಖರೀದಿ ಮಾಡುತ್ತದೆ, ಆದರೆ ತಾನು ಯಂತ್ರ ಎಂದು ಹೇಳುವುದಿಲ್ಲ, ಮನುಷ್ಯ ಬಳಸುವ ಸಾಮಾನ್ಯ ಕ್ರೋಮ್ ಬ್ರೌಸರ್‌ನಂತೆ ತೋರಿಸಿಕೊಳ್ಳುತ್ತದೆ ಎಂಬುದು ಅಮೆಜಾನ್ ದೂರು. ಬಳಕೆದಾರ ನೇಮಿಸಿಕೊಂಡ ಸಹಾಯಕನಿಗೆ ಬಳಕೆದಾರನ ಹಕ್ಕುಗಳೇ ಇರುತ್ತವೆ, ಬೇರೆಯಾಗಿ ಹೆಸರು ಹೇಳುವ ಅಗತ್ಯವಿಲ್ಲ ಎಂಬುದು ಪರ್‌ಪ್ಲೆಕ್ಸಿಟಿಯ ವಾದ.

ಕೇಳಿದವರಿಗೆ ಇದು ಹೊಸ ಕಾಲದ ಹೊಸ ಮೋಸ ಎನಿಸಬಹುದು. ಆದರೆ ಬ್ರೌಸರ್‌ಗಳು ಸುಳ್ಳು ಹೆಸರು ಹೇಳುತ್ತಿರುವುದು ಮೂವತ್ತು ವರ್ಷಗಳಿಂದ. ನಿಮ್ಮ ಮೊಬೈಲಿನಲ್ಲಿರುವ ಬ್ರೌಸರ್ ಕೂಡ ಈ ಹೊತ್ತು ಅದನ್ನೇ ಮಾಡುತ್ತಿದೆ. ಹಳೆಯ ಸುಳ್ಳು ಯಾಕೆ ಹುಟ್ಟಿತು ಎಂಬುದು ತಿಳಿದರೆ ಹೊಸ ಸುಳ್ಳನ್ನು ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸುವುದು ಸುಲಭ.

ಒಂದು ಸಾಲಿನಲ್ಲಿ ಆರು ಹೆಸರು

ನೀವು ಯಾವುದೇ ಜಾಲತಾಣ ತೆರೆದಾಗ, ಪುಟ ಬರುವ ಮೊದಲೇ ನಿಮ್ಮ ಬ್ರೌಸರ್ ಆ ತಾಣಕ್ಕೆ ತನ್ನ ಪರಿಚಯದ ಒಂದು ಸಾಲು ಕಳುಹಿಸುತ್ತದೆ. ಇದಕ್ಕೆ ‘ಯೂಸರ್ ಏಜೆಂಟ್’ ಎಂದು ಹೆಸರು. ಬಳಕೆದಾರನ ಪರವಾಗಿ ಬಂದವನು ಎಂದು ಅರ್ಥ. ವಿಂಡೋಸ್ ಕಂಪ್ಯೂಟರಿನಲ್ಲಿ ಕ್ರೋಮ್ ಬಳಸುತ್ತಿದ್ದರೆ ಆ ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: ‘ಮೊಜಿಲ್ಲಾ/5.0, ವಿಂಡೋಸ್ ಎನ್‌ಟಿ 10.0, ಆ್ಯಪಲ್‌ವೆಬ್‌ಕಿಟ್/537.36, ಕೆಎಚ್‌ಟಿಎಂಎಲ್, ಗೆಕೋ ಇದ್ದಂತೆ, ಕ್ರೋಮ್, ಸಫಾರಿ/537.36’.

ಬ್ರೌಸರಿಗೆ ಸಂಬಂಧಿಸಿದ ಆರು ಹೆಸರುಗಳು ಈ ಸಾಲಿನಲ್ಲಿವೆ. ಅದು ಮೊಜಿಲ್ಲಾ ಅಲ್ಲ, ಸಫಾರಿಯೂ ಅಲ್ಲ. ಗೆಕೋ ಎಂಬುದು ಪ್ರತಿಸ್ಪರ್ಧಿ ಫೈರ್‌ಫಾಕ್ಸ್‌ನ ಎಂಜಿನ್. ಕೆಎಚ್‌ಟಿಎಂಎಲ್ ಮತ್ತು ವೆಬ್‌ಕಿಟ್ ಇದರ ಅಜ್ಜ, ಅಪ್ಪ ಇದ್ದಂತೆ. ನಿಜವಾದ ಹೆಸರು ಕ್ರೋಮ್ ಒಂದೇ. ವಿಂಡೋಸ್‌ನ ಸಂಖ್ಯೆಯೂ ನಂಬುವಂಥದ್ದಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದ್ದರೂ ಅಲ್ಲಿ 10.0 ಎಂದೇ ಇರುತ್ತದೆ.

ಇದು ಯಾಕೆ ಹೀಗಾಯಿತು ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳಿದರೆ ನಾನು ಮನೆ ಹುಡುಕಿದ ಕಥೆ ಹೇಳುತ್ತೇನೆ.

2007ರಲ್ಲಿ ಪುಣೆಗೆ ಬಂದಾಗ ನಾನೂ ಕಲಬುರ್ಗಿಯ ಗೆಳೆಯನೂ ಕೋಥ್ರೂಡ್‌ನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆವು. ಬಾಗಿಲು ತೆರೆದವರ ಮೊದಲ ಪ್ರಶ್ನೆ, “ಆಡನಾವ್ ಕಾಯ್?” ನಮ್ಮ ಕಡೆ ಅಡ್ಡಹೆಸರು ಏನು ಎಂದು ಕೇಳುತ್ತಾರಲ್ಲ, ಅದೇ. ಕುಲಕರ್ಣಿ, ಪಾಟೀಲ, ದೇಶಪಾಂಡೆ ಎಂಬ ಹೆಸರುಗಳು ಗಡಿಯ ಆಚೆಗೂ ಈಚೆಗೂ ಇವೆ. ನನ್ನದು ಅಂಥದ್ದೇ ಆದ್ದರಿಂದ ತೊಂದರೆ ಇರಲಿಲ್ಲ. ಗೆಳೆಯನ ಅಡ್ಡಹೆಸರು ಅವರಿಗೆ ಗೊತ್ತಿರಲಿಲ್ಲ. ಎರಡು ಮನೆಗಳಲ್ಲಿ ಬಾಗಿಲು ಮುಚ್ಚಿತು. ಮೂರನೆಯ ಮನೆಯಲ್ಲಿ ಅವನು ತಾನೂ ಪಾಟೀಲ ಎಂದ. ಮನೆ ಸಿಕ್ಕಿತು. ಐದು ವರ್ಷ ಅಲ್ಲೇ ಇದ್ದೆವು, ಒಂದು ತಿಂಗಳೂ ಬಾಡಿಗೆ ತಡವಾಗಲಿಲ್ಲ. ಬಾಡಿಗೆ ಕೊಡುವ ಶಕ್ತಿ ಇದೆಯೇ, ಎಷ್ಟು ಜನ ಇರುತ್ತೀರಿ, ಎಷ್ಟು ದಿನ ಇರುತ್ತೀರಿ ಎಂದು ಕೇಳಿದ್ದರೆ ನಿಜವನ್ನೇ ಹೇಳುತ್ತಿದ್ದೆವು. ಹೆಸರು ಕೇಳಿದ್ದರಿಂದ ಸುಳ್ಳು ಬಂತು. ಇದು ಪುಣೆಯೊಂದರ ಮಾತಲ್ಲ, ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೂ ಗೊತ್ತಿರುವ ಸಂಗತಿ.

ಸುಳ್ಳಿನ ವಂಶಾವಳಿ

1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಿಂದ ‘ಮೊಸಾಯಿಕ್’ ಬ್ರೌಸರ್ ಬಂತು. ಅದು ತನ್ನ ನಿಜ ಹೆಸರನ್ನೇ ಹೇಳುತ್ತಿತ್ತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಮಾರ್ಕ್ ಆಂಡ್ರೀಸನ್ ಮತ್ತು ಗೆಳೆಯರು 1994ರಲ್ಲಿ ‘ನೆಟ್‌ಸ್ಕೇಪ್’ ತಂದರು. ಕಂಪನಿಯೊಳಗೆ ಅದರ ಗುಪ್ತನಾಮ ‘ಮೊಜಿಲ್ಲಾ’, ಅಂದರೆ ಮೊಸಾಯಿಕ್‌ನ್ನು ಮುಗಿಸಲು ಬಂದವನು. ಪರಿಚಯದ ಸಾಲಿನಲ್ಲೂ ಅದೇ ಹೆಸರು ಹೋಯಿತು.

ನೆಟ್‌ಸ್ಕೇಪ್ ಒಂದೇ ಪುಟವನ್ನು ಹಲವು ಚೌಕಟ್ಟುಗಳಾಗಿ ತೋರಿಸುವ ‘ಫ್ರೇಮ್’ ಸೌಲಭ್ಯ ತಂದಾಗ ಜಾಲತಾಣದವರು ಒಂದು ಸುಲಭ ದಾರಿ ಹಿಡಿದರು. ಬಂದವನ ಹೆಸರು ಮೊಜಿಲ್ಲಾ ಆಗಿದ್ದರೆ ಚೆಂದದ ಪುಟ, ಉಳಿದವರಿಗೆ ಸಪ್ಪೆ ಪುಟ. ಆಗ ಬಂದದ್ದು ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್. ಅದಕ್ಕೂ ಹೊಸ ಸೌಲಭ್ಯಗಳನ್ನು ತೋರಿಸಲು ಬರುತ್ತಿತ್ತು, ಆದರೆ ಹೆಸರು ಬೇರೆಯಾದ್ದರಿಂದ ಒಳ್ಳೆಯ ಪುಟ ಸಿಗುತ್ತಿರಲಿಲ್ಲ. 1995ರಲ್ಲಿ ಅದರ ಎರಡನೆಯ ಆವೃತ್ತಿಯಿಂದ ‘ನಾನು ಮೊಜಿಲ್ಲಾ’ ಎಂದು ಶುರುಮಾಡಿ, ಆವರಣದೊಳಗೆ ಮೆಲ್ಲಗೆ ‘ಹೊಂದಿಕೊಳ್ಳುವವನು, ಎಂಎಸ್‌ಐಇ’ ಎಂದು ಸೇರಿಸಿತು. ಬಾಗಿಲು ತೆರೆಯಿತು.

ಮುಂದಿನವರೆಲ್ಲ ಇದೇ ದಾರಿ ಹಿಡಿದರು. ಲಿನಕ್ಸ್ ಬಳಗದ ಕಾಂಕರರ್ ಬ್ರೌಸರಿನ ಎಂಜಿನ್ ಕೆಎಚ್‌ಟಿಎಂಎಲ್. ಅದು ‘ನಾನು ಗೆಕೋ ಇದ್ದಂತೆ’ ಎಂದಿತು. 2003ರಲ್ಲಿ ಆ್ಯಪಲ್ ಅದೇ ಎಂಜಿನ್ ತೆಗೆದುಕೊಂಡು ಸಫಾರಿ ಮಾಡಿದಾಗ ಆ ಮಾತನ್ನೂ ಉಳಿಸಿಕೊಂಡಿತು. 2008ರಲ್ಲಿ ಗೂಗಲ್ ವೆಬ್‌ಕಿಟ್ ಬಳಸಿ ಕ್ರೋಮ್ ತಂದಾಗ ಸಫಾರಿಯ ಪರಿಚಯವನ್ನು ಇಡಿಯಾಗಿ ಹೊತ್ತು ತನ್ನ ಹೆಸರು ಸೇರಿಸಿತು. 2015ರಲ್ಲಿ ಮೈಕ್ರೋಸಾಫ್ಟ್‌ನ ಎಡ್ಜ್ ಬಂದಾಗ ಕ್ರೋಮ್‌ನ ಸಾಲನ್ನು ನಕಲು ಮಾಡಿ ಕೊನೆಗೆ ತನ್ನ ಹೆಸರು ಬರೆಯಿತು. ಒಂದು ಕಾಲದಲ್ಲಿ ಕೆಲವರು ಯಾರ ಹೆಸರು ಹೇಳುತ್ತಿದ್ದರೋ ಆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ 2013ರ ಹನ್ನೊಂದನೆಯ ಆವೃತ್ತಿಯಲ್ಲಿ ತನ್ನ ಹಳೆಯ ಗುರುತನ್ನು ತೆಗೆದುಹಾಕಿ ‘ಗೆಕೋ ಇದ್ದಂತೆ’ ಎಂದಿತು. ತನ್ನ ಹೆಸರೇ ತನಗೆ ಅಡ್ಡಿಯಾಗಿತ್ತು.

ಸಂಖ್ಯೆಯಲ್ಲೂ ಇದೇ ಫಜೀತಿ. 2009ರಲ್ಲಿ ಒಪೆರಾ ಬ್ರೌಸರ್ ಹತ್ತನೆಯ ಆವೃತ್ತಿಗೆ ಬಂದಾಗ ಅನೇಕ ತಾಣಗಳು ಮೊದಲ ಅಂಕಿ ಮಾತ್ರ ಓದಿ ಇದು ಒಂದನೆಯ ಆವೃತ್ತಿ, ತೀರಾ ಹಳೆಯದು ಎಂದು ತಿರಸ್ಕರಿಸಿದವು. ಒಪೆರಾ ತನ್ನನ್ನು 9.80 ಎಂದು ಕರೆದುಕೊಂಡು, ಸಾಲಿನ ಕೊನೆಗೆ ಹತ್ತು ಎಂದು ಬರೆಯಿತು. 2022ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ನೂರನೆಯ ಆವೃತ್ತಿಗೆ ಬಂದಾಗಲೂ ಅದೇ ಭಯ. ಮೂರಂಕಿ ಕಂಡು ತಾಣಗಳು ತಡವರಿಸಿದರೆ 99ಕ್ಕೇ ನಿಲ್ಲಿಸುವ ಬದಲಿ ಯೋಜನೆಯನ್ನು ಎರಡೂ ಕಡೆ ಸಿದ್ಧ ಇಟ್ಟುಕೊಂಡಿದ್ದರು.

ಸಣ್ಣವರ ಪಾಡಂತೂ ಕೇಳುವುದೇ ಬೇಡ. ಕ್ರೋಮ್‌ನ ತಳಹದಿಯ ಮೇಲೇ ನಿಂತ ವಿವಾಲ್ಡಿ ಎಂಬ ಬ್ರೌಸರ್ ಕೆಲವು ವರ್ಷ ತನ್ನ ಹೆಸರನ್ನು ಹೇಳಿಕೊಂಡು ನೋಡಿತು. ತಾಣಗಳು ಸುಮ್ಮಸುಮ್ಮನೆ ತಡೆದಾಗ 2019ರ ಕೊನೆಯಲ್ಲಿ ಹೆಸರನ್ನೇ ಕೈಬಿಟ್ಟು ಕ್ರೋಮ್ ಎಂದೇ ಹೇಳತೊಡಗಿತು. ನಮ್ಮಲ್ಲೂ ಸ್ವದೇಶಿ ಬ್ರೌಸರ್‌ಗಾಗಿ ಕೇಂದ್ರ ಸರ್ಕಾರ ಸ್ಪರ್ಧೆ ನಡೆಸಿ, 2025ರ ಮಾರ್ಚ್‌ನಲ್ಲಿ ಝೋಹೊ ಕಂಪನಿಯ ‘ಉಲಾ’ಗೆ ಮೊದಲ ಬಹುಮಾನ ಕೊಟ್ಟಿತು. ಅದರ ತಳಹದಿಯೂ ಕ್ರೋಮ್‌ನ ಮುಕ್ತ ತಂತ್ರಾಂಶ ಕ್ರೋಮಿಯಂ. ಹೊಸ ಬ್ರೌಸರ್ ಕಟ್ಟುವುದು ಅರ್ಧ ಕೆಲಸ. ದೊಡ್ಡ ಹೆಸರುಗಳನ್ನು ಮಾತ್ರ ಗುರುತಿಸುವ ಬಾಗಿಲುಗಳನ್ನು ದಾಟುವುದು ಉಳಿದರ್ಧ.

ಬಾಗಿಲು ಮುಚ್ಚಿದವರಲ್ಲಿ ನಾನೂ ಒಬ್ಬ

ಇದೆಲ್ಲ ಕಂಪನಿಗಳ ಜಗಳ ಎಂದು ನಾನೂ ತಿಳಿದಿದ್ದೆ. 2010ರಲ್ಲಿ ಒಂದು ಸಂಜೆ ಇದೇ ತಮ್ಮ ಇಂಡಿಯ ಸೈಬರ್ ಕೆಫೆಯಿಂದ ಫೋನ್ ಮಾಡಿದ. ನೌಕರಿ ಪರೀಕ್ಷೆಯೊಂದಕ್ಕೆ ಅರ್ಜಿ ಹಾಕಲು ಅದು ಕೊನೆಯ ದಿನ. ಆ ಸಂಸ್ಥೆಯ ತಾಣ ‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯಿರಿ’ ಎಂದು ಬರೆದು ಕೂತಿತ್ತು. ಕೆಫೆಯಲ್ಲಿದ್ದದ್ದು ಲಿನಕ್ಸ್ ಮತ್ತು ಫೈರ್‌ಫಾಕ್ಸ್. ವಿಂಡೋಸ್ ಇರುವ ಇನ್ನೊಂದು ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ.

ಫೈರ್‌ಫಾಕ್ಸ್‌ನ ಒಳಗಿನ ಸೆಟ್ಟಿಂಗ್‌ನಲ್ಲಿ ಪರಿಚಯದ ಸಾಲನ್ನು ಬದಲಿಸಲು ಬರುತ್ತದೆ. ಒಂದೊಂದೇ ಅಕ್ಷರ ಫೋನಿನಲ್ಲಿ ಹೇಳಿ ಬರೆಸಿದೆ. ಎರಡು ಸಲ ತಪ್ಪಾಯಿತು. ಮೂರನೆಯ ಸಲ ಅದೇ ಫೈರ್‌ಫಾಕ್ಸ್ ತಾನು ಎಕ್ಸ್‌ಪ್ಲೋರರ್ ಎಂದು ಹೇಳಿಕೊಂಡಿತು. ತಾಣ ತೆರೆಯಿತು. ಫೋಟೊ ಏರಿತು, ಅರ್ಜಿ ಹೋಯಿತು, ರಸೀದಿ ಬಂತು. ಒಂದೇ ಒಂದು ಗುಂಡಿ ಕೂಡ ಕೆಡಲಿಲ್ಲ. ಅಂದರೆ ಆ ತಾಣಕ್ಕೆ ಎಕ್ಸ್‌ಪ್ಲೋರರ್‌ನ ಅಗತ್ಯವೇ ಇರಲಿಲ್ಲ.

ಆ ರಾತ್ರಿ ನನಗೆ ನೆಮ್ಮದಿಯ ನಿದ್ದೆ ಬರಲಿಲ್ಲ. ಯಾಕೆಂದರೆ ಅಂಥದ್ದೇ ಒಂದು ನಿಯಮವನ್ನು ಅದೇ ತಿಂಗಳು ಕಚೇರಿಯಲ್ಲಿ ನಾನೇ ಬರೆದಿದ್ದೆ. ಗ್ರಾಹಕ ಸಂಸ್ಥೆ ಒಂದೇ ಬ್ರೌಸರ್‌ನ ಪರೀಕ್ಷೆಗೆ ಹಣ ಕೊಟ್ಟಿತ್ತು. ಉಳಿದವುಗಳಲ್ಲಿ ಏನಾದರೂ ಕೆಟ್ಟರೆ ಹೊಣೆ ಯಾರದು? ಅದಕ್ಕಾಗಿ ಉಳಿದವರಿಗೆ ಬಾಗಿಲು ಮುಚ್ಚಿಬಿಡುವುದು. ಮರುದಿನವೇ ಅದನ್ನು ತೆಗೆಸಿದೆ ಎಂದು ಹೇಳಿಕೊಳ್ಳಲು ಆಸೆ, ಆದರೆ ತೆಗೆಸಲಿಲ್ಲ. ಒಂದು ಸಲ ಮೇಲಿನವರನ್ನು ಕೇಳಿದೆ, ಬಜೆಟ್ ಇಲ್ಲ ಎಂದರು, ಸುಮ್ಮನಾದೆ. ಆ ಸಾಲಿನಿಂದ ಎಷ್ಟು ಜನ ಹೊರಗೆ ಉಳಿದರೋ ಗೊತ್ತಿಲ್ಲ. ಹೊರಗೆ ಉಳಿದವರ ಲೆಕ್ಕ ಯಾವ ತಾಣದಲ್ಲೂ ಇರುವುದಿಲ್ಲ.

ಸರಿಯಾದ ದಾರಿ ಆಗಲೂ ಇತ್ತು. ಬ್ರೌಸರಿಗೆ ‘ನೀನು ಯಾರು’ ಎಂದು ಕೇಳುವ ಬದಲು ‘ನಿನಗೆ ಈ ಕೆಲಸ ಬರುತ್ತದೆಯೇ’ ಎಂದು ಕೇಳುವುದು. ಬಂದರೆ ಪೂರ್ತಿ ಪುಟ, ಬರದಿದ್ದರೆ ಸರಳ ಪುಟ. ಇವತ್ತು ಒಳ್ಳೆಯ ತಾಣಗಳೆಲ್ಲ ಹೀಗೇ ಮಾಡುತ್ತವೆ. ಆದರೂ ಹೆಸರು ಕೇಳುವ ಚಾಳಿ ಪೂರ್ತಿ ಹೋಗಿಲ್ಲ.

ಗುರುತು ಮರೆಸುವ ಇನ್ನೊಂದು ಕಾರಣ

ನಡುವೆ ಈ ಪರಿಚಯದ ಸಾಲಿಗೆ ಬೇರೊಂದು ಉಪಯೋಗ ಕಂಡುಕೊಂಡವರು ಜಾಹೀರಾತಿನವರು. ಬ್ರೌಸರಿನ ಆವೃತ್ತಿ, ಮೊಬೈಲಿನ ಮಾದರಿ, ಪರದೆಯ ಅಳತೆ, ಅಕ್ಷರವಿನ್ಯಾಸಗಳ ಪಟ್ಟಿ, ಕಾಲವಲಯ ಇವನ್ನೆಲ್ಲ ಜೋಡಿಸಿದರೆ ಬೆರಳಚ್ಚಿನಂತೆ ಒಂದು ಗುರುತು ಸಿಗುತ್ತದೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರ್‌ಗಳನ್ನು ಅಧ್ಯಯನ ಮಾಡಿದಾಗ ಶೇ 83.6ರಷ್ಟು ಬ್ರೌಸರ್‌ಗಳ ಗುರುತು ಆ ಗುಂಪಿನಲ್ಲಿ ಇನ್ನೊಂದಕ್ಕೆ ಹೋಲದಂತಿತ್ತು. ಹೆಸರು, ಫೋನ್ ನಂಬರ್ ಯಾವುದೂ ಇಲ್ಲದೆ, ಕುಕೀ ಅಳಿಸಿದ ಮೇಲೂ, ನಿನ್ನೆ ಬಂದವನೇ ಇವತ್ತೂ ಬಂದ ಎಂದು ಹೇಳಬಹುದು.

ಹಾಗಾಗಿ ಬ್ರೌಸರ್‌ಗಳು ಈಗ ಬಳಕೆದಾರನನ್ನು ಕಾಪಾಡಲು ಬೇರೆ ವೇಷ ಹಾಕುತ್ತವೆ. ಟಾರ್ ಬ್ರೌಸರ್ ತನ್ನ ಎಲ್ಲ ಬಳಕೆದಾರರನ್ನೂ ಒಂದೇ ಥರ ಕಾಣಿಸಲು ಯತ್ನಿಸುತ್ತದೆ. ಬ್ರೇವ್ ಕೆಲವು ಉತ್ತರಗಳನ್ನು ಬೇಕೆಂದೇ ಸ್ವಲ್ಪ ಕೆಡಿಸಿ ಕೊಡುತ್ತದೆ. ಆ್ಯಂಡ್ರಾಯ್ಡ್‌ನ ಕ್ರೋಮ್ 2023ರಿಂದ ಫೋನಿನ ಮಾದರಿಯ ಜಾಗದಲ್ಲಿ ಎಲ್ಲರಿಗೂ ‘ಕೆ’ ಎಂಬ ಒಂದೇ ಅಕ್ಷರವನ್ನೂ, ‘ಆ್ಯಂಡ್ರಾಯ್ಡ್ 10’ ಎಂಬ ಒಂದೇ ಸಂಖ್ಯೆಯನ್ನೂ ಬರೆಯುತ್ತದೆ. ಎಂಟು ಸಾವಿರದ ಫೋನಿರಲಿ, ಎಂಬತ್ತು ಸಾವಿರದ್ದಿರಲಿ, ಆ ಸಾಲಿನಲ್ಲಿ ಇಬ್ಬರೂ ಒಂದೇ. ಹೆಚ್ಚಿನ ವಿವರ ಬೇಕಾದ ತಾಣ ಬೇರೆಯಾಗಿ ಕೇಳಬೇಕು. ಆ ಹೊಸ ಉತ್ತರದಲ್ಲೂ ಕ್ರೋಮ್ ‘ನಾಟ್ ಎ ಬ್ರ್ಯಾಂಡ್’ ಎಂಬಂಥ ಒಂದು ಪೊಳ್ಳು ಹೆಸರನ್ನು ಬೇಕೆಂದೇ ಸೇರಿಸುತ್ತದೆ. ತಾಣಗಳು ಮತ್ತೆ ಹೆಸರಿನ ಪಟ್ಟಿ ಹಿಡಿದು ಬಾಗಿಲಲ್ಲಿ ಕೂರಬಾರದು ಎಂಬುದೇ ಉದ್ದೇಶ.

ಇತ್ತ ಗೂಗಲ್‌ನ ಜಾಹೀರಾತು ವಿಭಾಗವು 2025ರ ಫೆಬ್ರುವರಿಯಿಂದ ಈ ಬೆರಳಚ್ಚು ಪದ್ಧತಿಯ ಮೇಲಿದ್ದ ತನ್ನ ನಿರ್ಬಂಧವನ್ನು ಸಡಿಲಿಸಿತು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಇದನ್ನು ಬೇಜವಾಬ್ದಾರಿಯ ನಡೆ ಎಂದು ಟೀಕಿಸಿತ್ತು. ಒಂದೇ ಮನೆಯಲ್ಲಿ ಒಬ್ಬರು ಮುಖ ಮುಚ್ಚುವ ಬಟ್ಟೆ ಹೊಲಿಯುತ್ತಾರೆ, ಇನ್ನೊಬ್ಬರು ಮುಖ ಗುರುತಿಸುವವರಿಗೆ ಅನುಮತಿ ಕೊಡುತ್ತಾರೆ.

ಇಲ್ಲಿಯವರೆಗಿನ ಎರಡೂ ಬಗೆಯ ವೇಷಗಳಲ್ಲಿ ಒಂದು ಸಮಾನ ಅಂಶವಿದೆ. ಮೊದಲನೆಯದು ಮುಚ್ಚಿದ ಬಾಗಿಲು ತೆರೆಯಲು, ಎರಡನೆಯದು ಹಿಂದೆ ಬೀಳುವವರಿಂದ ತಪ್ಪಿಸಿಕೊಳ್ಳಲು. ಎರಡರಲ್ಲೂ ವೇಷದ ಹಿಂದೆ ಒಬ್ಬ ಮನುಷ್ಯ ಕೂತಿದ್ದ. ಪುಟ ಓದುವವನು ಅವನೇ, ಗುಂಡಿ ಒತ್ತುವವನೂ ಅವನೇ.

ಈಗ ವೇಷದ ಹಿಂದೆ ಯಾರು?

ಹೊಸ ಜಗಳದಲ್ಲಿ ಬದಲಾಗಿರುವುದು ಇದು. 1994ರಲ್ಲಿ ಮಾರ್ಟಿನ್ ಕೋಸ್ಟರ್ ಎಂಬ ತಂತ್ರಜ್ಞರು ಒಂದು ಸರಳ ಒಪ್ಪಂದ ಸೂಚಿಸಿದರು. ಪ್ರತಿ ತಾಣವೂ ‘ರೋಬೋಟ್ಸ್.ಟಿಎಕ್ಸ್‌ಟಿ’ ಎಂಬ ಕಡತದಲ್ಲಿ ಯಾವ ಯಂತ್ರ ಎಲ್ಲಿಗೆ ಬರಬಹುದು, ಬರಬಾರದು ಎಂದು ಬರೆಯುವುದು. ಯಂತ್ರಗಳು ತಮ್ಮ ಹೆಸರು ಹೇಳಿ ಅದನ್ನು ಪಾಲಿಸುವುದು. ಪೊಲೀಸರಿಲ್ಲ, ದಂಡವಿಲ್ಲ. ಮರ್ಯಾದೆಯ ಮೇಲೆ ನಡೆದ ವ್ಯವಸ್ಥೆ. ಹುಡುಕುಯಂತ್ರಗಳು ಪುಟ ಓದಿಕೊಂಡು ಹೋಗಿ ಪ್ರತಿಯಾಗಿ ಓದುಗರನ್ನು ಕಳಿಸುತ್ತಿದ್ದವು, ಹಾಗಾಗಿ ಇಬ್ಬರಿಗೂ ಲಾಭವಿತ್ತು.

ಎಐ ಬಂದ ಮೇಲೆ ಯಂತ್ರ ಪುಟ ಓದಿಕೊಂಡು ಹೋಗಿ ಉತ್ತರವನ್ನು ತಾನೇ ಹೇಳಿಬಿಡುತ್ತದೆ. ಓದುಗ ಮೂಲ ತಾಣಕ್ಕೆ ಬರುವ ಕಾರಣವೇ ಉಳಿಯುವುದಿಲ್ಲ. ತಾಣಗಳು ತಡೆಯತೊಡಗಿದವು. 2025ರ ಆಗಸ್ಟ್‌ನಲ್ಲಿ ಕ್ಲೌಡ್‌ಫ್ಲೇರ್ ಕಂಪನಿ ಒಂದು ಆರೋಪ ಮಾಡಿತು: ಪರ್‌ಪ್ಲೆಕ್ಸಿಟಿಯ ಯಂತ್ರ ತನ್ನ ಹೆಸರಿನಲ್ಲಿ ಹೋದಾಗ ತಡೆದರೆ, ಮ್ಯಾಕ್ ಕಂಪ್ಯೂಟರಿನ ಕ್ರೋಮ್‌ನಂತೆ ವೇಷ ಹಾಕಿ ಮತ್ತೆ ಬರುತ್ತದೆ ಎಂದು. ಪರ್‌ಪ್ಲೆಕ್ಸಿಟಿ ಇದನ್ನು ಅಲ್ಲಗಳೆಯಿತು, ಬೇರೆಯವರ ಸಂಚಾರವನ್ನು ತಮ್ಮ ತಲೆಗೆ ಕಟ್ಟಲಾಗಿದೆ ಎಂದಿತು.

ಆ ಆರೋಪ ಹಾಗಿರಲಿ, ಇಂಥ ವೇಷಗಳ ಪರಿಣಾಮಕ್ಕೆ ವಿಕಿಪೀಡಿಯ ಒಳ್ಳೆಯ ಉದಾಹರಣೆ. 2025ರ ಅಕ್ಟೋಬರ್‌ನಲ್ಲಿ ವಿಕಿಮೀಡಿಯ ಪ್ರತಿಷ್ಠಾನ ಒಂದು ಸಂಗತಿ ತಿಳಿಸಿತು. ಮೇ, ಜೂನ್ ತಿಂಗಳುಗಳಲ್ಲಿ ಓದುಗರ ಸಂಖ್ಯೆ ಏರಿದಂತೆ ಕಂಡಿತ್ತು. ಪತ್ತೆ ವಿಧಾನ ಸುಧಾರಿಸಿ ನೋಡಿದಾಗ ಆ ಓದುಗರಲ್ಲಿ ಹಲವರು ಮನುಷ್ಯರ ವೇಷದ ಯಂತ್ರಗಳು. ಅವನ್ನು ತೆಗೆದರೆ ಮನುಷ್ಯರ ಓದು ಹಿಂದಿನ ವರ್ಷಕ್ಕಿಂತ ಸುಮಾರು ಶೇ 8ರಷ್ಟು ಇಳಿದಿತ್ತು. ವಿಕಿಪೀಡಿಯ ಬರೆಯುವವರು ಸಂಬಳವಿಲ್ಲದ ಸ್ವಯಂಸೇವಕರು. ಕನ್ನಡದಲ್ಲಿ ಬರೆಯುವವರು ಬೆರಳೆಣಿಕೆಯ ಮಂದಿ. ನಮ್ಮ ಬರಹವನ್ನು ಯಾರಾದರೂ ಓದುತ್ತಿದ್ದಾರೆ ಎಂಬುದೇ ಅವರಿಗೆ ಸಿಗುವ ಕೂಲಿ. ಆ ಲೆಕ್ಕದೊಳಗೇ ಯಂತ್ರಗಳು ಮನುಷ್ಯರಾಗಿ ಸೇರಿಕೊಂಡರೆ, ಯಾರಿಗಾಗಿ ಬರೆಯುತ್ತಿದ್ದೇವೆ ಎಂಬುದೇ ತಿಳಿಯದಂತಾಗುತ್ತದೆ.

ಕಾಮೆಟ್‌ನ ಪ್ರಶ್ನೆ ಇನ್ನೂ ಸೂಕ್ಷ್ಮ. ಅಲ್ಲಿ ಯಂತ್ರ ತನ್ನಷ್ಟಕ್ಕೆ ಅಲೆಯುತ್ತಿಲ್ಲ, ಒಬ್ಬ ಬಳಕೆದಾರ ಹೇಳಿದ ಕೆಲಸ ಮಾಡುತ್ತಿದೆ. ಅಮೆಜಾನ್ ಬಯಸುವುದು ಜನ ತಾವೇ ಬಂದು ಜಾಹೀರಾತು ನೋಡಲಿ ಎಂದು, ಎಂಬ ಪರ್‌ಪ್ಲೆಕ್ಸಿಟಿಯ ಮಾತಿನಲ್ಲಿ ತಿರುಳಿಲ್ಲ ಎನ್ನಲಾಗದು. ಅಮೆಜಾನ್‌ಗೆ ತನ್ನದೇ ಆದ ಖರೀದಿ ಸಹಾಯಕ ‘ರುಫಸ್’ ಇದೆ, ಹಾಗಾಗಿ ಅದು ನಿಷ್ಪಕ್ಷಪಾತಿಯಲ್ಲ. ಆದರೂ ಅಮೆಜಾನ್ ಹೇಳಿದ ಒಂದು ಮಾತು ನನಗೆ ಸರಿ ಅನಿಸುತ್ತದೆ: ಬೇರೆಯವರ ಪರವಾಗಿ ಟಿಕೆಟ್ ಕಾದಿರಿಸುವ ಏಜೆನ್ಸಿ, ಊಟ ತರಿಸುವ ಆ್ಯಪ್ ಎಲ್ಲವೂ ತಾವು ಮಧ್ಯವರ್ತಿ ಎಂದು ಹೇಳಿಯೇ ವ್ಯವಹರಿಸುತ್ತವೆ.

ಮತ್ತೆ ಬಾಡಿಗೆ ಮನೆಗೇ ಬರುತ್ತೇನೆ. ನನ್ನ ಗೆಳೆಯ ಅಡ್ಡಹೆಸರು ಬದಲಿಸಿದಾಗ ಮನೆಯಲ್ಲಿ ಇರುವವನು ಅವನೇ ಆಗಿದ್ದ, ಬಾಡಿಗೆಯ ಹೊಣೆಯೂ ಅವನದೇ. ಆದರೆ ಮನೆ ನೋಡಲು ಬಂದವನು ದಲ್ಲಾಳಿಯಾಗಿದ್ದು, ತಾನೇ ಬಾಡಿಗೆದಾರ ಎಂದು ಕರಾರಿಗೆ ರುಜು ಹಾಕಿದರೆ? ನಾಳೆ ನಲ್ಲಿ ಒಡೆದರೆ ಯಾರನ್ನು ಕೇಳಬೇಕು? ದಲ್ಲಾಳಿಗೆ ಮನೆ ತೋರಿಸಬಾರದು ಎಂದಲ್ಲ. ದಲ್ಲಾಳಿ ತಾನು ದಲ್ಲಾಳಿ ಎಂದು ಹೇಳಬೇಕು ಎಂದಷ್ಟೇ.

ನಮ್ಮ ದೇಶಕ್ಕೆ ಇದು ದೂರದ ಮಾತಲ್ಲ. 2025ರ ಜುಲೈನಲ್ಲಿ ಏರ್‌ಟೆಲ್ ತನ್ನ ಸುಮಾರು 36 ಕೋಟಿ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿಯ ಹಣ ಕೊಟ್ಟು ಬಳಸುವ ಸೇವೆಯನ್ನು ಒಂದು ವರ್ಷ ಉಚಿತವಾಗಿ ಕೊಡುವುದಾಗಿ ಘೋಷಿಸಿತು. ಅಕ್ಟೋಬರ್‌ನಲ್ಲಿ ಕಾಮೆಟ್ ಬ್ರೌಸರ್ ಎಲ್ಲರಿಗೂ ಉಚಿತವಾಯಿತು. ಅದೇ ತಿಂಗಳು ಓಪನ್‌ಎಐ ತನ್ನ ‘ಅಟ್ಲಾಸ್’ ಬ್ರೌಸರ್ ತಂದಿತು. ಇತ್ತ ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಆ ಕಾಯ್ದೆಯ ಬುನಾದಿಯೇ ವ್ಯಕ್ತಿಯ ಒಪ್ಪಿಗೆ. ಒಪ್ಪಿಗೆಯ ಗುಂಡಿಯನ್ನು ಮನುಷ್ಯನ ವೇಷದ ಯಂತ್ರ ಒತ್ತಿದ್ದರೆ ಅದು ಯಾರ ಒಪ್ಪಿಗೆ?

ಮದ್ದು ರೋಗಕ್ಕಿಂತ ಕೆಟ್ಟದ್ದಾಗಬಾರದು

ತಾಂತ್ರಿಕ ಪರಿಹಾರ ಇಲ್ಲದಿಲ್ಲ. ಯಂತ್ರ ಕಳುಹಿಸುವ ಪ್ರತಿ ಬೇಡಿಕೆಗೂ ಡಿಜಿಟಲ್ ರುಜು ಹಾಕುವ ವಿಧಾನವನ್ನು 2024ರಲ್ಲಿ ಅಂತರ್ಜಾಲದ ಮಾನಕ ಸಂಸ್ಥೆ ಅಂಗೀಕರಿಸಿದೆ. ಹೆಸರನ್ನು ಯಾರು ಬೇಕಾದರೂ ಹೇಳಬಹುದು, ರುಜುವನ್ನು ಕೀಲಿ ಇದ್ದವರು ಮಾತ್ರ ಹಾಕಬಲ್ಲರು. ಚಾಟ್‌ಜಿಪಿಟಿಯ ಏಜೆಂಟ್ ಈಗಾಗಲೇ ಹೀಗೆ ರುಜು ಹಾಕುತ್ತದೆ. ಮಾಡಲು ಬರುತ್ತದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಅಪಾಯ ಬೇರೆ ಕಡೆ ಇದೆ. ಯಂತ್ರಗಳನ್ನು ಹಿಡಿಯುವ ನೆಪದಲ್ಲಿ ಮನುಷ್ಯರೂ ತಮ್ಮನ್ನು ಸಾಬೀತು ಮಾಡಬೇಕು ಎಂಬ ದಿನ ಬರಬಹುದು. 2023ರಲ್ಲಿ ಗೂಗಲ್‌ನ ಎಂಜಿನಿಯರುಗಳು ಅಂಥದ್ದೊಂದು ಪ್ರಸ್ತಾವ ಮುಂದಿಟ್ಟಿದ್ದರು. ನಿಮ್ಮ ಸಾಧನ ನಂಬಿಕಸ್ಥವೇ ಎಂದು ತಾಣವು ಮೂರನೆಯವರಿಂದ ಪ್ರಮಾಣಪತ್ರ ಕೇಳುವ ವ್ಯವಸ್ಥೆ. ಫೈರ್‌ಫಾಕ್ಸ್‌ನವರೂ ಸೇರಿ ಅನೇಕರು ವಿರೋಧಿಸಿದ ಮೇಲೆ ಅದೇ ವರ್ಷ ನವೆಂಬರ್‌ನಲ್ಲಿ ಕೈಬಿಟ್ಟರು. ಅದು ಜಾರಿಯಾಗಿದ್ದರೆ ಹಳೆಯ ಫೋನಿನವರು, ಲಿನಕ್ಸ್‌ನವರು, ಪರದೆ ಓದುವ ತಂತ್ರಾಂಶ ಬಳಸುವ ಅಂಧರು ಮತ್ತೆ ಬಾಗಿಲ ಹೊರಗೆ ನಿಲ್ಲುವ ಸಾಧ್ಯತೆ ಇತ್ತು. 2010ರ ಇಂಡಿಯ ಸೈಬರ್ ಕೆಫೆಗೇ ನಾವು ಮರಳುತ್ತಿದ್ದೆವು. ಆದರೆ ಈ ಸಲ ಫೋನಿನಲ್ಲಿ ಅಕ್ಷರ ಹೇಳಿ ಬರೆಸಿ ಪಾರಾಗುವ ದಾರಿಯೂ ಇರುತ್ತಿರಲಿಲ್ಲ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಮನುಷ್ಯ ಬಳಸುವ ಬ್ರೌಸರ್ ತನ್ನ ಹೆಸರು, ಸಾಧನದ ವಿವರ ಹೇಳಲೇಬೇಕಿಲ್ಲ. ಹೇಳದಿದ್ದರೂ ಪುಟ ಸಿಗಬೇಕು. ಮುಖ್ಯವಾಗಿ ಸರ್ಕಾರದ, ಬ್ಯಾಂಕಿನ, ಪರೀಕ್ಷೆಯ ತಾಣಗಳು ಹೆಸರು ನೋಡಿ ಬಾಗಿಲು ಮುಚ್ಚುವುದನ್ನು ಬಿಡಬೇಕು. ಯಂತ್ರ ಮಾತ್ರ ತಾನು ಯಂತ್ರ, ಇಂಥ ಕಂಪನಿಯದು, ಒಬ್ಬ ಬಳಕೆದಾರನ ಪರವಾಗಿ ಬಂದಿದ್ದೇನೆ ಎಂದು ರುಜು ಸಮೇತ ಹೇಳಬೇಕು. ನಿಜ ಹೇಳಿದ ಯಂತ್ರವನ್ನು ತಾಣಗಳು ಕಾರಣವಿಲ್ಲದೆ ಹೊರದಬ್ಬಬಾರದು. ದಬ್ಬಿದರೆ 1995ರ ಕಥೆ ಮತ್ತೆ ಶುರುವಾಗುತ್ತದೆ, ಎಲ್ಲರೂ ಇನ್ನೊಬ್ಬರ ಹೆಸರು ಹೇಳತೊಡಗುತ್ತಾರೆ.

ತಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. “ಮಂದಿ ಪಾಸ್‌ವರ್ಡ್ ಅದರಾಗ ಹಾಕಬ್ಯಾಡ ತಮ್ಮಾ. ಅದು ಒಳಗ ಹೋದ್ರ ನಿನ್ನ ಗಿರಾಕಿ ಅಂತನ ಹೇಳಿಕೋತದ. ತಪ್ಪು ತುಂಬಿದ್ರ ಅರ್ಜಿ ಹೋಗೋದು ಅವರದು. ಏನರ ತಿಳೀಲಿಲ್ಲ ಅಂದ್ರ ಅದನ್ನ ಕೇಳು, ತುಂಬೋದು ಮಾತ್ರ ನೀನ ತುಂಬು” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ನಾನೂ ಅವರ ಹೆಸರಲೇ ಒಳಗ ಹೋಗತೀನಲ್ಲೋ ಅಣ್ಣಾ?” ಎಂದ.

“ಹೌದು, ಆದ್ರ ಅವರು ನಿನ್ನ ಮುಂದ ಕೂತಿರತಾರ. ಪ್ರಿಂಟ್ ನೋಡಿ, ಸರಿ ಅದ ಅಂದ ಮ್ಯಾಲೇ ನೀ ಕಳಸತಿ. ತಪ್ಪಾದ್ರ ನಾಳಿ ಅಂಗಡಿಗೆ ಬಂದು ನಿನ್ನ ಹಿಡೀತಾರ” ಎಂದೆ. ನಕ್ಕ. ಅಂಗಡಿಯಲ್ಲಿ ಯಾರೋ ಬಂದು ನಿಂತರೆಂದು ಕಾಣುತ್ತದೆ. “ಬರ್ರಿ ಕಾಕಾ, ಆಧಾರ್ ಕಾರ್ಡ್ ತಂದೀರಿಲ್ಲೋ?” ಎನ್ನುತ್ತಾ ಫೋನ್ ಇಟ್ಟ.